ತತ್ತಿಯ ಲೆಕ್ಕ

ಕೇಳುಗರಿಗೆ ನಮಸ್ಕಾರ.

ನಾನು ವಿಜಯಪುರ ಜಿಲ್ಲೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮುಖ್ಯಗುರು ಆಗಿದ್ದೆ. ಹೋದ ವರ್ಷ ನಿವೃತ್ತಿ ಆಯಿತು. ಊರಲ್ಲಿ ಈಗಲೂ ನನ್ನನ್ನು ಅಕ್ಕೋರು ಅಂತಲೇ ಕರೆಯುತ್ತಾರೆ. ಕೊನೆಯ ಐದು ವರ್ಷ ನಮ್ಮ ತಾಲೂಕಿನ ಶಿಕ್ಷಕರ ಸಂಘದ ಖಜಾಂಚಿಯೂ ಆಗಿದ್ದೆ. ನಮ್ಮಲ್ಲಿ ಹೆಂಗಸರಿಗೆ ಉಪಾಧ್ಯಕ್ಷೆ ಅಂತ ಹೆಸರು ಕೊಟ್ಟು ವೇದಿಕೆ ಮೇಲೆ ಕೂರಿಸುವುದು ರೂಢಿ. ನನಗೆ ಮಾತ್ರ ದುಡ್ಡಿನ ಪೆಟ್ಟಿಗೆ ಸಿಕ್ಕಿತು. ಬಹುಶಃ ಬೇರೆ ಯಾರಿಗೂ ಅದು ಬೇಕಿರಲಿಲ್ಲ.

ಸಂಘ ಅಂದ ಕೂಡಲೇ ಜನರಿಗೆ ನೆನಪಾಗುವುದು ಪಗಾರ. ಬಸ್ಸಿನಲ್ಲಿ ಪಕ್ಕ ಕೂತವರು ಕೇಳುತ್ತಿದ್ದರು: "ಏನ್ ಕಡಿಮಿ ಆಗ್ಯದರಿ ಅಕ್ಕೋರ ನಿಮಗ? ತಿಂಗಳಾ ಪಗಾರ ಬರ್ತದ. ಮತ್ತ್ಯಾಕ ಸಂಘ?"

ಕೇಳಿದ್ದರಲ್ಲಿ ತಪ್ಪಿಲ್ಲ. 2023ರ ಮಾರ್ಚ್ 1ರಂದು ರಾಜ್ಯದ ಸರ್ಕಾರಿ ನೌಕರರೆಲ್ಲ ಕೆಲಸ ನಿಲ್ಲಿಸಿದಾಗ ನಮ್ಮ ಶಾಲೆಗೂ ಬೀಗ ಬಿದ್ದಿತ್ತು. ಅದೇ ದಿನ ಸರ್ಕಾರ, ಹೊಸ ವೇತನ ಬರುವವರೆಗೆ ಅಂತ, ಶೇಕಡಾ 17ರಷ್ಟು ಮಧ್ಯಂತರ ಪರಿಹಾರ ಕೊಟ್ಟಿತು. ಮುಷ್ಕರವೂ ಅಂದೇ ಮುಗಿಯಿತು. ಮುಂದೆ 2024ರ ಆಗಸ್ಟ್ 1ರಿಂದ ಏಳನೇ ವೇತನ ಆಯೋಗದ ಸಂಬಳ ಬಂತು. ಅತಿ ಕಡಿಮೆ ಮೂಲ ವೇತನ 17,000 ಇದ್ದದ್ದು 27,000 ಆಯಿತು. ಇದು ಸಣ್ಣ ಗೆಲುವಲ್ಲ. ನಾನೂ ಅದರ ಉಪ್ಪು ತಿಂದವಳೇ.

ಆದರೆ ಇಂಥ ದಿನ ಹತ್ತು ವರ್ಷಕ್ಕೊಮ್ಮೆ ಬಂದರೆ ದೊಡ್ಡದು. ಸಕ್ಕರೆ ಕಾರ್ಖಾನೆಯ ಕಾರ್ಮಿಕರು ಆಡಳಿತದವರ ಎದುರು ಕೂತು ಚೌಕಾಸಿ ಮಾಡಿ ಒಪ್ಪಂದಕ್ಕೆ ಸಹಿ ಹಾಕಬಹುದು. ನಮಗೆ ಆ ದಾರಿ ಇಲ್ಲ. ನಮ್ಮ ನಡತೆ ನಿಯಮಗಳು ಮುಷ್ಕರ ಬೇಡ ಅನ್ನುತ್ತವೆ. ತಮಿಳುನಾಡಿನ ನೌಕರರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಕೂಡ 2003ರಲ್ಲಿ ಇದನ್ನೇ ಹೇಳಿತು: ಸರ್ಕಾರಿ ನೌಕರರಿಗೆ ಮುಷ್ಕರದ ಹಕ್ಕಿಲ್ಲ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತೇ ಇಲ್ಲ. ವಿಧಾನ ಪರಿಷತ್ತಿನಲ್ಲಿ ಶಿಕ್ಷಕರ ಕ್ಷೇತ್ರದಿಂದ ಬರುವವರು ಏಳು ಜನ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೇರಿ ನಮ್ಮದು ವಾಯವ್ಯ ಶಿಕ್ಷಕರ ಕ್ಷೇತ್ರ. ಅದರಲ್ಲಿ ನನಗೆ ಮತವಿರಲಿಲ್ಲ! ಪ್ರೌಢಶಾಲೆಗಿಂತ ಕೆಳಗೆ ಕಲಿಸುವವರಿಗೆ ಆ ಮತ ಇಲ್ಲ ಅಂತ ಸಂವಿಧಾನದ 171ನೇ ವಿಧಿಯಲ್ಲೇ ಇದೆ. ಅ ಆ ಇ ಈ ಕಲಿಸಿದವರು ಶಿಕ್ಷಕರ ಚುನಾವಣೆಯ ದಿನ ಮತಗಟ್ಟೆಯಲ್ಲಿ ಡ್ಯೂಟಿ ಮಾಡಬಹುದು, ಅಷ್ಟೇ.

ಹಾಗಾದರೆ ನಮ್ಮ ಕೈಯಲ್ಲಿ ಉಳಿಯುವುದೇನು? ಮನವಿ ಪತ್ರ. ತೋಳಿಗೆ ಕಪ್ಪು ಪಟ್ಟಿ. ಚಳಿಗಾಲದ ಅಧಿವೇಶನ ಬಂದಾಗ ಬೆಳಗಾವಿಯ ಸುವರ್ಣ ವಿಧಾನಸೌಧದ ಹತ್ತಿರ ಪೆಂಡಾಲಿನಲ್ಲಿ ಒಂದು ದಿನ. ಮನವಿ ಪತ್ರ ಕೊಟ್ಟು ಫೋಟೊ ತೆಗೆಸಿಕೊಂಡರೆ ಕೆಲಸ ಮುಗಿಯಿತು ಅಂದುಕೊಳ್ಳುವ ಪದಾಧಿಕಾರಿಗಳು ನಮ್ಮಲ್ಲಿ ಕಡಿಮೆ ಇಲ್ಲ. ಆ ಫೋಟೊಗಳಲ್ಲಿ ನಾನೂ ಇದ್ದೇನೆ, ಮೂಲೆಯಲ್ಲಿ.

ಮನವಿಯ ಒಳಗೆ ಏನು ಬರೆಯಬೇಕು ಅಂತ ನನಗೆ ಕಲಿಸಿದ್ದು ತತ್ತಿ. ಬೆಂಗಳೂರಿನ ಕಡೆಯವರು ಮೊಟ್ಟೆ ಅನ್ನುತ್ತಾರಲ್ಲ, ಅದೇ.

ಬಿಸಿಯೂಟ ನಮ್ಮ ಜಿಲ್ಲೆಗೆ ಹೊಸದಲ್ಲ. 2002ರಲ್ಲಿ ರಾಜ್ಯದಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ನಮ್ಮದೂ ಒಂದು, ಬಾಗಲಕೋಟೆಯೂ ಒಂದು. ತತ್ತಿ ಬಂದದ್ದು 2021ರ ಡಿಸೆಂಬರಿನಲ್ಲಿ. ಆಗಲೂ ಮೊದಲ ಏಳರಲ್ಲಿ ವಿಜಯಪುರ ಇತ್ತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಿಂದ ವಾರಕ್ಕೆ ಆರು ದಿನ ಕೊಡುವ ಹಾಗಾಯಿತು. ಮಕ್ಕಳು ಅದನ್ನು ತಿನ್ನುವುದನ್ನು ನೋಡಬೇಕು ನೀವು. ಒಬ್ಬ ಹುಡುಗ ಹಳದಿ ಭಾಗವನ್ನು ಕೊನೆಗೆ ಅಂತ ಅಂಗೈಯಲ್ಲಿ ಮುಚ್ಚಿ ಇಟ್ಟುಕೊಳ್ಳುತ್ತಿದ್ದ.

ಒಂದು ತತ್ತಿಗೆ ಶಾಲೆಗೆ ಸಿಗುತ್ತಿದ್ದದ್ದು 6 ರೂಪಾಯಿ. ಕೊಳ್ಳುವುದು, ಹೊತ್ತು ತರುವುದು, ಬೇಯಿಸುವ ಗ್ಯಾಸು, ಸಿಪ್ಪೆ ಸುಲಿಯುವುದು, ಎಲ್ಲ ಅದರಲ್ಲೇ. ಚಳಿಗಾಲದಲ್ಲಿ ಅಂಗಡಿಯವನೇ ಆರೂವರೆ ಕೇಳುತ್ತಿದ್ದ. ನಮ್ಮಲ್ಲಿ ತತ್ತಿ ತಿನ್ನುವ ಮಕ್ಕಳು ನೂರು ಅಂತ ಹಿಡಿಯಿರಿ. ಗ್ಯಾಸಿನ ಮಾತು ಬಿಟ್ಟರೂ ದಿನಕ್ಕೆ 50 ರೂಪಾಯಿ ಕೈಯಿಂದ. ವಾರಕ್ಕೆ 300. ತಿಂಗಳಿಗೆ 1,200. ಯಾರ ಕೈಯಿಂದ? ಮುಖ್ಯಗುರುವಿನ ಕೈಯಿಂದ. ತತ್ತಿ ಬೇಡ, ಬದಲಿಗೆ ಚಿಕ್ಕಿ, ಬಾಳೆಹಣ್ಣು ಬೇಕು ಅನ್ನುವ ಮಕ್ಕಳ ಲೆಕ್ಕ ಬೇರೆ ಇಡಬೇಕಿತ್ತು.

ನಾಲ್ಕು ತಿಂಗಳು ನಾನು ಸುಮ್ನೆ ಕೊಟ್ಟೆ. ಮಕ್ಕಳ ಊಟದ ವಿಷಯದಲ್ಲಿ ಏನು ಚೌಕಾಸಿ, ಅಲ್ವಾ? ಒಂದು ದಿನ ಗುರುಭವನದಲ್ಲಿ ಸಂಘದ ಮೀಟಿಂಗ್ ಇತ್ತು. ತುಟ್ಟಿ ಭತ್ಯೆ, ಬಡ್ತಿ, ವರ್ಗಾವಣೆ, ಶಿಕ್ಷಕರ ನೇಮಕಾತಿಯ 2017ರ ವೃಂದ ನಿಯಮ, ಇವೇ ಮಾತು. ಆ ನಿಯಮದ ಬಗ್ಗೆ ಹೇಳುವುದಾದರೆ, ಪದವಿ ಓದಿ ಏಳನೇ ತರಗತಿಯವರೆಗೂ ಕಲಿಸುತ್ತಿದ್ದ ಹಳೆಯ ಶಿಕ್ಷಕರನ್ನು ಅದು ಒಂದರಿಂದ ಐದಕ್ಕೆ ಕೂರಿಸಿಬಿಟ್ಟಿತು. ಅದರ ಸಿಟ್ಟು ಇನ್ನೂ ಆರಿಲ್ಲ. ಇರಲಿ. ಮೀಟಿಂಗ್ ಮುಗಿದು ಚಹಾ ಕುಡಿಯುವಾಗ ಒಬ್ಬ ಮಾಸ್ತರರು ಮೆಲ್ಲಗೆ ಕೇಳಿದರು, "ಅಕ್ಕೋರ, ತತ್ತಿಗೆ ನೀವೆಷ್ಟ್ ಹಾಕ್ತೀರಿ?" ನಾನು ಹೇಳಿದೆ. ಆಮೇಲೆ ಪಕ್ಕದವರು ಹೇಳಿದರು. ಅವರ ಪಕ್ಕದವರೂ ಹೇಳಿದರು. ಎಲ್ಲರೂ ಕೈಯಿಂದ ಹಾಕುತ್ತಿದ್ದೆವು. ಒಬ್ಬರದು ಒಬ್ಬರಿಗೆ ಗೊತ್ತಿರಲಿಲ್ಲ, ಅಷ್ಟೇ.

ಮರುವಾರ ನಾನೊಂದು ನೋಟ್‌ಬುಕ್ ಮಾಡಿದೆ. ಶಾಲೆಯ ಹೆಸರು, ಮಕ್ಕಳು, ತತ್ತಿ ಕೊಂಡ ದರ, ಬಂದ ಹಣ, ಕೈಯಿಂದ ಹೋದದ್ದು. ಚೀಟಿ ಇದ್ದರೆ ಮಾತ್ರ ಬರೆಯುತ್ತಿದ್ದೆ. ಅದಕ್ಕೆ ಕೆಲವರು ಬೇಜಾರು ಮಾಡಿಕೊಂಡರು, ನಮ್ಮ ಮೇಲೆ ನಂಬಿಕೆ ಇಲ್ಲವೇ ಅಂತ. ಆದರೆ "ಬಹಳ ತೊಂದರೆ ಆಗುತ್ತಿದೆ, ದಯವಿಟ್ಟು ಸ್ಪಂದಿಸಿ" ಅಂತ ಬರೆದ ಮನವಿ ಯಾವ ಮೇಜಿನ ಮೇಲೂ ಎರಡು ನಿಮಿಷ ನಿಲ್ಲುವುದಿಲ್ಲ. ಚೀಟಿ ಅಂಟಿಸಿದ ಪಟ್ಟಿ ಇಟ್ಟಾಗ ಅಧಿಕಾರಿ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ದರ ಹೆಚ್ಚಿಸುವುದು ನನ್ನ ಕೈಯಲ್ಲಿಲ್ಲ, ಮೇಲಕ್ಕೆ ಕಳಿಸುತ್ತೇನೆ ಅಂದರು. ಆಮೇಲೆ ಅವರೇ ಒಂದು ದಾರಿ ಹೇಳಿದರು: ಅಕ್ಕಪಕ್ಕದ ಶಾಲೆಯವರು ಸೇರಿ ಕೋಳಿ ಫಾರ್ಮಿನಿಂದಲೇ ಟ್ರೇ ಲೆಕ್ಕದಲ್ಲಿ ತನ್ನಿ. ತಂದೆವು. ನಷ್ಟ ಅರ್ಧ ಇಳಿಯಿತು. ಉಳಿದ ಅರ್ಧ ಹಾಗೇ ಇತ್ತು.

ತತ್ತಿ ಆದ ಮೇಲೆ ನಮ್ಮ ಕಣ್ಣು ಬೇರೆ ಲೆಕ್ಕಗಳ ಮೇಲೂ ಬಿತ್ತು. ಸಮಗ್ರ ಶಿಕ್ಷಣ ಅನ್ನುವ ಸರ್ಕಾರಿ ಯೋಜನೆಯಿಂದ ಶಾಲಾ ಅನುದಾನ ಬರುತ್ತದೆ. 100 ದಾಟಿ 250ರವರೆಗೆ ಮಕ್ಕಳಿದ್ದರೆ ವರ್ಷಕ್ಕೆ 50,000 ರೂಪಾಯಿ. ಸೀಮೆಸುಣ್ಣ, ರಿಜಿಸ್ಟರು, ನಲ್ಲಿ ರಿಪೇರಿ, ಶೌಚಾಲಯದ ಫಿನಾಯಿಲ್, ಎಲ್ಲ ಅದರಲ್ಲೇ. ನಮಗೆ ಅದು ಕಂತಿನಲ್ಲಿ ಬರುತ್ತಿತ್ತು, ಕೆಲವು ಸಲ ಮಾರ್ಚ್ ಹತ್ತಿರ ಬಂದಾಗ. ಸೀಮೆಸುಣ್ಣ ಮಾತ್ರ ಜೂನಿನಲ್ಲೇ ಬೇಕಲ್ಲ! ಮೊದಲು ಕರೆಂಟು ಬಿಲ್ಲೂ ಇದರಿಂದಲೇ ಕಟ್ಟಬೇಕಿತ್ತು. 2023ರ ರಾಜ್ಯೋತ್ಸವದ ದಿನ ಸರ್ಕಾರಿ ಶಾಲೆಗಳಿಗೆ ಕರೆಂಟು, ನೀರು ಉಚಿತ ಅಂತ ಸರ್ಕಾರ ಹೇಳಿತು. ಅದು ನಮ್ಮ ಸಂಘವೇ ತಂದದ್ದು ಅಂತ ನಾನು ಹೇಳಲಾರೆ. ಆದರೂ ಗುರುಭವನದಲ್ಲಿ ಪೇಢೆ ಹಂಚಿದೆವು.

ಒಂದು ಮಾತು ಹೇಳಲು ಮುಜುಗರ. ನಮ್ಮ ಶಾಲೆಯಲ್ಲಿ ಒಬ್ಬಳು ಅತಿಥಿ ಶಿಕ್ಷಕಿ ಇದ್ದಳು, ಅಂದರೆ ಕಾಯಂ ಅಲ್ಲದವಳು. ಗೌರವಧನ ತಿಂಗಳಿಗೆ 10,000. 2025ರ ಬಜೆಟ್‌ನಲ್ಲಿ 2,000 ಹೆಚ್ಚಾಯಿತು. ಅದೂ ಎರಡು ಮೂರು ತಿಂಗಳಿಗೊಮ್ಮೆ ಒಟ್ಟಿಗೆ ಬರುತ್ತಿತ್ತು. ನಾನು ಕಲಿಸಿದಷ್ಟೇ ಅವಳೂ ಕಲಿಸುತ್ತಿದ್ದಳು. ನನ್ನ ಮಂಡಿ ನೋವಿನಿಂದಾಗಿ ಜಾಸ್ತಿಯೇ ಅನ್ನಿ. ಆದರೆ ಅವಳು ಸಂಘದ ಸದಸ್ಯೆ ಅಲ್ಲ. ಚಂದಾ ಕೊಡುವವರು ಕಾಯಂ ಶಿಕ್ಷಕರು, ಹಾಗಾಗಿ ಬೇಡಿಕೆಯೂ ಅವರದೇ. ನಾನು ಎರಡು ಮೀಟಿಂಗ್‌ನಲ್ಲಿ ಇದನ್ನು ಎತ್ತಿದೆ. "ಮುಂದಿನ ಸಭೆಯಲ್ಲಿ ನೋಡೋಣ" ಅಂತ ನಡಾವಳಿ ಪುಸ್ತಕದಲ್ಲಿ ಬರೆದರು. ನಾನು ನಿವೃತ್ತಳಾಗುವವರೆಗೆ ಆ ಮುಂದಿನ ಸಭೆ ಬರಲಿಲ್ಲ. ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಅವಳ ಗೌರವಧನ ಯಾವ ತಿಂಗಳದ್ದು ಯಾವಾಗ ಬಂತು ಅಂತ ತಾರೀಕು ಸಮೇತ ಬರೆದಿಟ್ಟೆ. ಯಾರೂ ಕೇಳಿರಲಿಲ್ಲ.

ಈಗ ಆ ನೋಟ್‌ಬುಕ್ ಹೊಸ ಖಜಾಂಚಿಯ ಹತ್ತಿರ ಇದೆ. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಎಲ್ಲ ಮೊಬೈಲಿನಲ್ಲೇ ಲೆಕ್ಕ ಇಡುತ್ತಾಳೆ. ಮೊನ್ನೆ ರಾತ್ರಿ ಫೋನ್ ಮಾಡಿದ್ದಳು. "ಅಕ್ಕೋರ, ಕೊನೀ ಪುಟದಾಗ ಬರೀ ಒಬ್ಬಾಕಿ ಹೆಸರ ಅದ. ನಮ್ಮ ತಾಲೂಕಿನ್ಯಾಗ ಅತಿಥಿ ಶಿಕ್ಷಕರು ಎಷ್ಟ ಮಂದಿ ಅದಾರ ನಿಮಗ ಗೊತ್ತೇನ್ರಿ?"

ನಮಸ್ಕಾರ.