ಎಪ್ಪತ್ತು ಗಂಟೆ ದುಡಿದರೆ ಎಷ್ಟು ಕೆಲಸವಾಗುತ್ತದೆ?

[ತೆರೆಯ ಮೇಲೆ: ಫಿರಂಗಿ ಗುಂಡುಗಳ ಸಾಲು, ಹಳೆಯ ಕಪ್ಪು-ಬಿಳುಪು ಚಿತ್ರ]

ನಮಸ್ಕಾರ. ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಎನ್.ಆರ್. ನಾರಾಯಣಮೂರ್ತಿಯವರು 2023ರಲ್ಲಿ ಹೇಳಿದಾಗ ಎದ್ದ ಚರ್ಚೆ ನಿಮಗೆ ನೆನಪಿರಬಹುದು. ಅದೇ 70 ಗಂಟೆಯ ಲೆಕ್ಕವೊಂದು ಮೊದಲ ಮಹಾಯುದ್ಧದ ಕಾಲದ ಬ್ರಿಟನ್ನಿನ ಕಡತಗಳಲ್ಲಿದೆ. ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಭಾನುವಾರವೂ ಬಿಡುವಿಲ್ಲದೆ ದುಡಿಯುತ್ತಿದ್ದ ಕಾರ್ಮಿಕರ ಆರೋಗ್ಯವನ್ನು ಪರಿಶೀಲಿಸಲು 1915ರಲ್ಲಿ ನೇಮಕವಾದ ಸಮಿತಿಯು, ಅವರು ಎಷ್ಟು ಗಂಟೆ ದುಡಿದರು, ಎಷ್ಟು ತಯಾರಿಸಿದರು ಎಂಬುದನ್ನು ಬರೆಸಿಟ್ಟಿತ್ತು. ಸುಮಾರು ನೂರು ವರ್ಷಗಳ ನಂತರ ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ಜಾನ್ ಪೆನ್‌ಕಾವೆಲ್ ಆ ಅಂಕಿಗಳನ್ನು ಮತ್ತೆ ತೆರೆದು ನೋಡಿದರು. ಸುಮಾರು 49 ಗಂಟೆಯವರೆಗೆ ದುಡಿದಷ್ಟೂ ಉತ್ಪಾದನೆ ಏರುತ್ತಿತ್ತು. ಅದರಾಚೆಗೆ ಏರಿಕೆ ಕುಗ್ಗುತ್ತ ಹೋಗಿ, 70 ಗಂಟೆಯ ವಾರದ ಉತ್ಪಾದನೆಯು 56 ಗಂಟೆಯ ವಾರದ್ದಕ್ಕಿಂತ ಹೆಚ್ಚೇನೂ ಇರಲಿಲ್ಲ.

ಗುಂಡುಗಳನ್ನು ಎಣಿಸಬಹುದಾದ್ದರಿಂದ ಈ ಲೆಕ್ಕ ಸಿಕ್ಕಿತು. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲೂ ಕಾಲರ್ ಕೂರಿಸುವ ಟೈಲರ್‌ಗೆ ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್ ಇರುತ್ತದೆ. ಆದರೆ ಓಟಿಯ ಕೊನೆಯ ಗಂಟೆಯಲ್ಲಿ ಕಾಲರಿನ ತುದಿ ಕೊಂಚ ವಾರೆಯಾಗಿ, ಚೆಕಿಂಗ್ ಟೇಬಲ್ಲಿನಿಂದ ಅದೇ ಪೀಸ್ ವಾಪಸು ಬಂದು, ಹೊಲಿಗೆ ಬಿಚ್ಚಿ ಮತ್ತೆ ಹೊಲಿಯುವ ಹೊತ್ತಿನ ಲೆಕ್ಕ ಟಾರ್ಗೆಟ್ಟಿನ ಬೋರ್ಡಿನಲ್ಲಿ ಕಾಣಿಸುವುದಿಲ್ಲ.

ವೈದ್ಯರ ವಿಷಯ ಇನ್ನಷ್ಟು ಜಟಿಲ. ಅಮೆರಿಕದ ಬಾಸ್ಟನ್ನಿನಲ್ಲಿ ತೀವ್ರ ನಿಗಾ ಘಟಕದ ಕಿರಿಯ ವೈದ್ಯರನ್ನು ಕುರಿತು ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 24 ಗಂಟೆ ಮೀರಿದ ಪಾಳಿಗಳಿದ್ದ ವ್ಯವಸ್ಥೆಯಲ್ಲಿ ಗಂಭೀರ ತಪ್ಪುಗಳು ಶೇ 36ರಷ್ಟು ಹೆಚ್ಚಾಗಿದ್ದವು. ಹಾಗೆಂದು ಪಾಳಿಯನ್ನು ತುಂಡರಿಸುತ್ತ ಹೋದರೆ, ಒಬ್ಬರು ಇನ್ನೊಬ್ಬರಿಗೆ ರೋಗಿಯನ್ನು ವಹಿಸಿಕೊಡುವಾಗ ಮಾಹಿತಿ ತಪ್ಪಿಹೋಗುವ ಅಪಾಯವೂ ಹೆಚ್ಚುತ್ತದೆ. ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರಿಗಂತೂ ಗೇಟಿನಲ್ಲಿ ಹಾಜರಿರುವುದೇ ಕೆಲಸ. ಹನ್ನೆರಡನೆಯ ಗಂಟೆಯಲ್ಲಿ ಅವರ ಕಣ್ಣು ಎಷ್ಟು ಚುರುಕಾಗಿದೆ ಎಂದು ಅಳೆಯುವವರಿಲ್ಲ.

[ತೆರೆಯ ಮೇಲೆ: 9 → 12, 75 → 144]

ಕರ್ನಾಟಕವು 2023ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ತಂದು, ಕಾರ್ಮಿಕರ ಲಿಖಿತ ಒಪ್ಪಿಗೆಯಿದ್ದರೆ ದಿನದ ಮಿತಿಯನ್ನು 9ರಿಂದ 12 ಗಂಟೆಗೂ, ಮೂರು ತಿಂಗಳ ಓಟಿಯನ್ನು 75ರಿಂದ 144 ಗಂಟೆಗೂ ಏರಿಸಲು ಅವಕಾಶ ಕೊಟ್ಟಿತು. ವಾರದ 48 ಗಂಟೆಯ ಮಿತಿ ಹಾಗೆಯೇ ಉಳಿಯಿತು. ನಾಲ್ಕು ದಿನ ಹನ್ನೆರಡು ಗಂಟೆ, ಆರು ದಿನ ಎಂಟು ಗಂಟೆ, ಕಾಗದದ ಮೇಲೆ ಎರಡೂ ಒಂದೇ. ರಾಮನಗರದ ಕಡೆಯಿಂದ ನಸುಕಿನಲ್ಲೇ ಬಸ್ಸು ಹತ್ತಿ ಬರುವ ಟೈಲರ್‌ಗೆ ಮಾತ್ರ ಹನ್ನೆರಡನೆಯ ಗಂಟೆಯೆಂದರೆ ಮಷಿನ್ನಿನ ಸೂಜಿಯ ಕೆಳಗೆ ಬೆರಳಿಟ್ಟುಕೊಂಡ ಕತ್ತಲ ಹೊತ್ತು. ಮನೆ ಮುಟ್ಟುವುದು ಅದರ ಮೇಲೆ.