ಮರೆಯುವ ಅಯಸ್ಕಾಂತ

ಕೇಳುಗ ಬಂಧುಗಳಿಗೆ ನಮಸ್ಕಾರ.

ನಿಮ್ಮ ಮನೆಯಲ್ಲಿ ಹಳೆಯ ಕ್ಯಾಸೆಟ್ ಒಂದಾದರೂ ಉಳಿದಿರಬೇಕು. ಮದುವೆಯ ವಾಲಗವೋ, ಅಜ್ಜಿಯ ಸೋಬಾನೆ ಹಾಡೋ ಅದರಲ್ಲಿರಬಹುದು. ಅದರ ಕಂದು ಬಣ್ಣದ ಟೇಪನ್ನು ಒಮ್ಮೆ ನೆನಪಿಸಿಕೊಳ್ಳಿ. ಆ ಬಣ್ಣ ಕಬ್ಬಿಣದ ಆಕ್ಸೈಡಿನದು, ತುಕ್ಕಿನ ಹತ್ತಿರದ ನಂಟ. ಸೂಜಿಯಂಥ ಕಣಗಳು, ಒಂದೊಂದೂ ಪುಟ್ಟ ಅಯಸ್ಕಾಂತ. ಅಜ್ಜಿ ಹಾಡಿದ ದಿನ ಅವು ಯಾವ ದಿಕ್ಕಿಗೆ ಮುಖ ಮಾಡಿದವೋ ಇಂದಿಗೂ ಅದೇ ದಿಕ್ಕಿಗೆ ಮುಖ ಮಾಡಿ ಕುಳಿತಿವೆ. ಆಕಾಶವಾಣಿ ದಶಕಗಳ ಕಾಲ ಧ್ವನಿಗಳನ್ನು ಕಾಪಾಡಿಕೊಂಡು ಬಂದದ್ದು ಇಂಥ ಕಣಗಳನ್ನು ನಂಬಿಯೇ.

ಆ ಸೂಜಿಗಳ ಉದ್ದ ನೂರಾರು ನ್ಯಾನೊಮೀಟರ್. ಒಂದು ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ನ್ಯಾನೊಮೀಟರ್. ಈಗ ಅದೇ ಕಬ್ಬಿಣದ ಆಕ್ಸೈಡನ್ನು 10 ನ್ಯಾನೊಮೀಟರ್ ಗಾತ್ರದ ಕಣಗಳನ್ನಾಗಿ ಮಾಡಿ ನೋಡಿ. ರೆಪ್ಪೆ ಬಡಿಯುವುದರೊಳಗೆ ಅದು ತನ್ನ ದಿಕ್ಕನ್ನು ಮರೆತುಬಿಡುತ್ತದೆ. ವಸ್ತು ಅದೇ, ಗಾತ್ರ ಬೇರೆ, ಗುಣ ಬೇರೆ. ಇಂದು ನಾನು ಹೇಳಬೇಕಾದದ್ದು ಇದೊಂದೇ.

ಅಯಸ್ಕಾಂತವನ್ನು ಮುರಿದರೆ ಎರಡು ಅಯಸ್ಕಾಂತ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ನಿಜ. ಆದರೆ ಪಾಠ ಅಲ್ಲಿಗೇ ನಿಂತುಬಿಡುತ್ತದಲ್ಲ, ಅದು ನನಗೆ ಸಹಿಸಲಾಗದ ಸಂಗತಿ. ಮುರಿಯುತ್ತಾ ಹೋದರೆ ಏನಾಗುತ್ತದೆ ಎಂದು ಮಕ್ಕಳು ಕೇಳಬೇಡವೇ? ಜಾತ್ರೆಯ ನೂಕುನುಗ್ಗಲನ್ನು ನೆನೆಯಿರಿ. ತೇರು ಜಗ್ಗುವುದಿಲ್ಲ. ದೊಡ್ಡವರು ಹೇಗೋ ಕಾಲೂರಿ ನಿಲ್ಲುತ್ತಾರೆ. ಮೂರು ವರ್ಷದ ಮಗು ಮಾತ್ರ ಕ್ಷಣಕ್ಕೊಂದು ದಿಕ್ಕಿಗೆ ತಿರುಗಿಬಿಡುತ್ತದೆ. ಬಿಸಿ ಎಂದರೆ ಅಣುಗಳ ನೂಕುನುಗ್ಗಲು. ಕಣ ದೊಡ್ಡದಿದ್ದರೆ ಅದರ ಕಾಂತತ್ವ ಕದಲುವುದಿಲ್ಲ, ತೀರಾ ಸಣ್ಣದಾದರೆ ಕೋಣೆಯ ಸಾಮಾನ್ಯ ಬಿಸಿಯೇ ಅದನ್ನು ತಿರುಗಿಸಿಬಿಡುತ್ತದೆ.

ಕೋಬಾಲ್ಟ್ ಲೋಹದ ಲೆಕ್ಕ ಕೇಳಿ. ಸುಮಾರು 7 ನ್ಯಾನೊಮೀಟರ್ ಕಣ ತನ್ನ ದಿಕ್ಕನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತು ನೆನಪಿಟ್ಟುಕೊಳ್ಳುತ್ತದೆ. 9 ನ್ಯಾನೊಮೀಟರ್ ಆದರೆ? ದಶಕಗಳು! ಎರಡೇ ನ್ಯಾನೊಮೀಟರ್ ವ್ಯತ್ಯಾಸ! 1949ರಲ್ಲಿ ಇದರ ಗಣಿತ ಬರೆದವರು ಫ್ರಾನ್ಸಿನ ಲೂಯಿ ನೇಲ್, ಮುಂದೆ 1970ರಲ್ಲಿ ನೊಬೆಲ್ ಪಡೆದ ಭೌತವಿಜ್ಞಾನಿ. ಅವರ ಪ್ರಬಂಧದ ತಲೆಬರಹದಲ್ಲೇ ಸುಟ್ಟ ಮಣ್ಣಿನ ಮಾತಿದೆ. ಆವಿಗೆಯಿಂದ ಹೊರಬಂದ ಮಡಕೆ ಅಂದಿನ ಭೂಮಿಯ ಕಾಂತಕ್ಷೇತ್ರವನ್ನು ಶತಮಾನಗಳ ಕಾಲ ಹೊತ್ತುಕೊಂಡಿರುತ್ತದೆ, ಅದು ಹೇಗೆ ಎಂಬುದು ಅವರ ಪ್ರಶ್ನೆಯಾಗಿತ್ತು.

ನನಗೆ ಇದು ಮನದಟ್ಟಾದದ್ದು ಪುಸ್ತಕದಿಂದಲ್ಲ. ವಿದ್ಯಾರ್ಥಿಯಾಗಿದ್ದಾಗ ಮೊದಲ ಬಾರಿಗೆ ಮ್ಯಾಗ್ನಟೈಟ್ ಕಣಗಳನ್ನು ತಯಾರಿಸಿದೆ. ಮ್ಯಾಗ್ನಟೈಟ್ ಎಂದರೆ ಕಬ್ಬಿಣದ ಆಕ್ಸೈಡಿನದೇ ಒಂದು ಬಗೆ, ಕಪ್ಪು ಬಣ್ಣದ್ದು. ಎರಡು ಪಾಲು ಫೆರಿಕ್ ಕ್ಲೋರೈಡ್, ಒಂದು ಪಾಲು ಫೆರಸ್ ಕ್ಲೋರೈಡ್, ಎರಡೂ ಕಬ್ಬಿಣದ ಲವಣಗಳೇ. ನೀರಿನಲ್ಲಿ ಕದಡಿದರೆ ಡಿಕಾಕ್ಷನ್ ಬಣ್ಣ. ಅದಕ್ಕೆ ಅಮೋನಿಯಾ ಬಿದ್ದದ್ದೇ ತಡ, ಇಡೀ ಬೀಕರು ಕಾಡಿಗೆಯಂತೆ ಕಪ್ಪಾಯಿತು. ಕಣ್ಣು ಉರಿಯುತ್ತಿತ್ತು, ಆದರೂ ಬಗ್ಗಿ ನೋಡುತ್ತಲೇ ಇದ್ದೆ. ದ್ರಾವಣವನ್ನು ಕಲಕಲು ಒಳಗೆ ತಿರುಗುವ ಅಯಸ್ಕಾಂತದ ಕಡ್ಡಿಯನ್ನು ಹಾಕಿದ್ದೆ. ಹೊರತೆಗೆದರೆ ನಾನು ಮಾಡಿದ ಕಣಗಳೆಲ್ಲ ಅದಕ್ಕೇ ಅಂಟಿ, ಕಡ್ಡಿ ಕಂಬಳಿಹುಳದಂತೆ ಕಾಣುತ್ತಿತ್ತು. ಗುರುಗಳು ಏನೂ ಹೇಳದೆ ನನ್ನ ಕೈಗೆ ಒಂದು ಗಾಜಿನ ಕಡ್ಡಿ ಕೊಟ್ಟು ಹೋದರು.

ಮರುದಿನ ಮತ್ತೆ ಮಾಡಿದೆ. ಕೆಟ್ಟುಹೋದ ಸ್ಪೀಕರಿನಿಂದ ಬಿಚ್ಚಿದ ಬಳೆಯಂಥ ಅಯಸ್ಕಾಂತವನ್ನು ಬೀಕರಿನ ಅಡಿಗೆ ಇಟ್ಟೆ. ನಿಧಾನವಾಗಿ ಕಪ್ಪೆಲ್ಲ ತಳಕ್ಕೆ ಇಳಿಯಿತು, ಮೇಲೆ ತಿಳಿನೀರು. ನೀರು ಬಸಿದು, ಹೊಸ ನೀರು ಹಾಕಿ, ಅಯಸ್ಕಾಂತವನ್ನು ಸರಿಸಿ ಅಲುಗಾಡಿಸಿದರೆ ಮತ್ತೆ ಮಸಿಯಂತೆ ಹರಡಿಕೊಂಡಿತು. ಅದೇ ಮ್ಯಾಗ್ನಟೈಟಿನ ದಪ್ಪ ಪುಡಿ ಬಾಟಲಿಯಲ್ಲಿತ್ತು. ಅದಕ್ಕೂ ಹಾಗೆಯೇ ಮಾಡಿದೆ. ಅಯಸ್ಕಾಂತ ತೆಗೆದ ಮೇಲೂ ಅದು ಗಂಟುಕಟ್ಟಿದ ಅಂಬಲಿಯಂತೆ ತಳದಲ್ಲೇ ಕುಳಿತಿತ್ತು. ಅದರ ಕಣಗಳು ಅಯಸ್ಕಾಂತಗಳಾಗಿಯೇ ಉಳಿದು ಒಂದನ್ನೊಂದು ಹಿಡಿದುಕೊಂಡಿದ್ದವು. ನನ್ನ ಸಣ್ಣ ಕಣಗಳು ಮರೆತಿದ್ದವು, ಆದ್ದರಿಂದಲೇ ಬಿಡಿಬಿಡಿಯಾಗಿದ್ದವು. ವಸ್ತು ಅದೇ, ಗಾತ್ರ ಬೇರೆ, ಗುಣ ಬೇರೆ. ಆ ಬೀಕರನ್ನು ಎಷ್ಟು ಸಲ ಅಲುಗಾಡಿಸಿದೆನೋ ಲೆಕ್ಕವಿಲ್ಲ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಕರೆದಾಗ ಬಂದು, ಬಿಟ್ಟಾಗ ಚದುರುವ ಈ ಗುಣ ನಿಮ್ಮ ಬಳಿಗೂ ಬಂದಿದೆ. ಕೋವಿಡ್ ಕಾಲದಲ್ಲಿ ಮೂಗಿನಿಂದ ದ್ರವ ತೆಗೆದರಲ್ಲ, ಎಷ್ಟೋ ಪ್ರಯೋಗಾಲಯಗಳಲ್ಲಿ ವೈರಸ್ಸಿನ ಆನುವಂಶಿಕ ವಸ್ತುವಾದ ಆರ್‌ಎನ್‌ಎಯನ್ನು ಬೇರ್ಪಡಿಸಿದ್ದು ಇಂಥ ಕಣಗಳನ್ನು ಒಳಗೆ ತುಂಬಿದ ಸೂಕ್ಷ್ಮ ಮಣಿಗಳು. ಆರ್‌ಎನ್‌ಎ ಮಣಿಗೆ ಅಂಟುತ್ತದೆ, ಅಯಸ್ಕಾಂತ ಮಣಿಯನ್ನು ನಳಿಕೆಯ ಗೋಡೆಗೆ ಹಿಡಿಯುತ್ತದೆ, ಕೊಳೆ ತೊಳೆದುಹೋಗುತ್ತದೆ. ನನ್ನ ಬೀಕರಿನಲ್ಲಿ ನಡೆದದ್ದೂ ಇದೇ. ಮಿದುಳಿನ ಗೆಡ್ಡೆಯೊಳಗೆ ಈ ಕಣಗಳನ್ನು ಸೇರಿಸಿ, ಹೊರಗಿನಿಂದ ಕಾಂತಕ್ಷೇತ್ರವನ್ನು ಬದಲಿಸುತ್ತಾ ಅವುಗಳನ್ನು ಕಾಯಿಸುವ ಚಿಕಿತ್ಸೆಗೆ ಯುರೋಪಿನಲ್ಲಿ 2010ರಲ್ಲಿ ಒಪ್ಪಿಗೆ ಸಿಕ್ಕಿತು. ಹಾರ್ಡ್ ಡಿಸ್ಕ್ ಮಾಡುವವರಿಗೆ ಮಾತ್ರ ಇದೇ ಮರೆವು ದೊಡ್ಡ ತಲೆನೋವು. ಕಣವನ್ನು ಸಣ್ಣದು ಮಾಡಿದಷ್ಟೂ ಹೆಚ್ಚು ಮಾಹಿತಿ ಹಿಡಿಸುತ್ತದೆ, ಆದರೆ ಮಿತಿ ದಾಟಿದರೆ ಬರೆದದ್ದು ತಾನಾಗಿಯೇ ಅಳಿಸಿಹೋಗುತ್ತದೆ.

ಇನ್ನೊಂದೇ ಮಾತು. 1975ರಲ್ಲಿ ಅಮೆರಿಕದ ರಿಚರ್ಡ್ ಬ್ಲೇಕ್‌ಮೋರ್ ಕೆಸರಿನಲ್ಲಿ ಕಂಡ ಬ್ಯಾಕ್ಟೀರಿಯಾಗಳ ಬಗ್ಗೆ ಬರೆದರು. ಭೂಮಿಯ ಕಾಂತಕ್ಷೇತ್ರದ ಗೆರೆ ಹಿಡಿದು ಈಜುವ ಜೀವಿಗಳು ಅವು. ಅವುಗಳ ಒಡಲಲ್ಲಿ ಮ್ಯಾಗ್ನಟೈಟ್ ಹರಳುಗಳು ಮಣಿಸರದಂತೆ ಪೋಣಿಸಿಕೊಂಡಿರುತ್ತವೆ. ಒಂದೊಂದರ ಗಾತ್ರ ಸುಮಾರು 35ರಿಂದ 120 ನ್ಯಾನೊಮೀಟರ್. ದಿಕ್ಕು ಮರೆಯುವಷ್ಟು ಸಣ್ಣದನ್ನು ಅವು ಇಟ್ಟುಕೊಂಡಿಲ್ಲ, ನೋಡಿ. ದಾರಿ ಹುಡುಕಬೇಕಾದ ಜೀವಿ ನೆನಪಿರುವ ಗಾತ್ರದ ಹರಳನ್ನೇ ಬೆಳೆಸಿಕೊಂಡಿದೆ.

ನಮಸ್ಕಾರ.