ಎಲೆಯನ್ನು ತಿರುಗಿಸಿ ನೋಡಿ

ಕೇಳುಗರೇ, ನಮಸ್ಕಾರ.

ಎಲೆ ಹಳದಿಯಾಯಿತು, ಚುಕ್ಕೆ ಬಿತ್ತು, ಮುದುಡಿಕೊಂಡಿತು. ತಕ್ಷಣ ಎಲ್ಲರೂ ಕೇಳುವುದು ಒಂದೇ: "ಯಾವ ಔಷಧಿ ಹೊಡೆಯಲಿ?" ದಯವಿಟ್ಟು ಸ್ವಲ್ಪ ತಡೆಯಿರಿ. ಔಷಧಿ ಆಮೇಲೆ. ಮೊದಲು ಎಲೆಯನ್ನು ತಿರುಗಿಸಿ ನೋಡಿ.

ರಸ ಹೀರುವ ಕೀಟಗಳು ಹೆಚ್ಚಾಗಿ ಇರುವುದು ಎಲೆಯ ಅಡಿಯಲ್ಲೇ. ಅಲ್ಲಿ ಬಿಸಿಲು ತಾಗುವುದಿಲ್ಲ, ಮಳೆಯ ಹೊಡೆತ ಬೀಳುವುದಿಲ್ಲ. ನಾವಂತೂ ಅಲ್ಲಿ ನೋಡುವುದೇ ಇಲ್ಲ.

ನನ್ನ ಪರಿಚಯದವರೊಬ್ಬರು ದಾಸವಾಳ ಬೆಳೆಸಿದ್ದರು. ಬೇಸಿಗೆಯಲ್ಲಿ ಎಲೆಗಳ ಮೇಲೆ ಸೂಜಿಯಿಂದ ಚುಚ್ಚಿದ ಹಾಗೆ ಬಿಳಿಚುಕ್ಕೆ ಶುರುವಾಯಿತು. ಗೊಬ್ಬರ ಕಡಿಮೆಯಾಗಿರಬೇಕು ಅಂತ ಗೊಬ್ಬರ ಹಾಕಿದರು. ಚುಕ್ಕೆ ಹೋಗಲಿಲ್ಲ. ಯಾರೋ ಹೇಳಿದರು ಅಂತ ಕೀಟನಾಶಕ ಹೊಡೆದರು. ಇನ್ನೂ ಜಾಸ್ತಿಯಾಯಿತು! ನಾನು ಹೋಗಿ ಒಂದು ಬಿಳಿ ಹಾಳೆ ತರಿಸಿದೆ. ಅದನ್ನು ಎಲೆಯ ಕೆಳಗೆ ಹಿಡಿದು ಕೊಂಬೆಯನ್ನು ತಟ್ಟಿದೆ. ಹಾಳೆಯ ಮೇಲೆ ಧೂಳು ಬಿದ್ದ ಹಾಗಾಯಿತು. "ಸ್ವಲ್ಪ ಹೊತ್ತು ನೋಡಿ" ಅಂದೆ. ಆ ಧೂಳು ಹರಿದಾಡತೊಡಗಿತು! ಅವು ಕೆಂಪು ನುಸಿಗಳು. ಎಂಟು ಕಾಲಿನ ಜೀವಿ, ಕೀಟವೇ ಅಲ್ಲ. ಆ ಕೀಟನಾಶಕದಿಂದ ನುಸಿ ಸಾಯಲಿಲ್ಲ, ಅದನ್ನು ತಿನ್ನುವ ಒಳ್ಳೆಯ ಹುಳುಗಳು ಸತ್ತವು. ಹಾಗಾಗಿ ನುಸಿಗೆ ಹಬ್ಬವಾಯಿತು. ಮದ್ದು ಏನು ಗೊತ್ತೇ? ನೀರು. ಪೈಪ್ ಹಿಡಿದು ಎಲೆಯ ಅಡಿಗೆ ಜೋರಾಗಿ ನೀರು ಹಾಯಿಸಿ, ಎರಡು ಮೂರು ದಿನಕ್ಕೊಮ್ಮೆ. ಒಂದು ಸಲ ಮಾಡಿ ಬಿಟ್ಟರೆ ಸಾಲದು. ಮೊಟ್ಟೆ ಒಡೆದು ಮರಿಗಳು ಬರುತ್ತಲೇ ಇರುತ್ತವೆ.

ಮುಂದಿನದನ್ನು ಬೇಗ ಹೇಳುತ್ತೇನೆ, ಸಮಯ ಸಾಲದು. ಎಲೆಯ ಮೇಲೆ ಅಂಟು, ಮಸಿ ಕಂಡರೆ ಅದರ ಮೇಲಿನ ಎಲೆಯನ್ನು ತಿರುಗಿಸಿ. ಸಸ್ಯಹೇನೋ ಬಿಳಿನೊಣವೋ ಅಲ್ಲೇ ಸಿಗುತ್ತದೆ. ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಬೆರೆಯಲು ಚೂರು ಸೋಪು. ಸಂಜೆ ಹೊಡೆಯಿರಿ, ಎಲೆಯ ಅಡಿಗೆ! ಮೇಲೆ ಮಾತ್ರ ಹೊಡೆದರೆ ಸುಮ್ನೆ ದಂಡ.

ತಿರುಗಿಸಿ ನೋಡಿದಿರಿ, ಅಡಿಯಲ್ಲಿ ಏನೂ ಇಲ್ಲ, ಆದರೂ ಎಲೆ ಹಳದಿ. ಆಗ ಯಾವ ಎಲೆ ಅಂತ ನೋಡಿ. ಚಿಗುರೆಲೆ ಹಳದಿ, ನರ ಮಾತ್ರ ಹಸಿರು ಅಂದರೆ ಕಬ್ಬಿಣದ ಕೊರತೆ. ಸುಣ್ಣದ ಅಂಶ ಜಾಸ್ತಿ ಇರುವ ಮಣ್ಣಲ್ಲಿ ಇದು ಸಾಮಾನ್ಯ. ಕೆಳಗಿನ ಹಳೇ ಎಲೆ ಪೂರ್ತಿ ಹಳದಿಯಾದರೆ ಸಾರಜನಕ ಸಾಲುತ್ತಿಲ್ಲ. ಮಣ್ಣು ಸದಾ ಒದ್ದೆ ಇದ್ದರೆ ಗೊಬ್ಬರ ಬೇಡ, ಮೊದಲು ನೀರು ಕಡಿಮೆ ಮಾಡಿ.

ಗುಲಾಬಿಯ ಕಪ್ಪು ಚುಕ್ಕೆ ಶಿಲೀಂಧ್ರದ ರೋಗ. ಎಲೆ ಗಂಟೆಗಟ್ಟಲೆ ಒದ್ದೆ ಇದ್ದರೆ ಹಬ್ಬುತ್ತದೆ. ಬೆಳಿಗ್ಗೆ ಹೊತ್ತು ಬುಡಕ್ಕೆ ಮಾತ್ರ ನೀರು ಹಾಕಿ. ಉದುರಿದ ಎಲೆಗಳನ್ನು ಆರಿಸಿ ದೂರ ಹಾಕಿ, ಗಿಡದ ಬುಡದಲ್ಲಿ ಬಿಡಬೇಡಿ.

ನಮಸ್ಕಾರ.